ಭಾನುವಾರದ ಮ್ಯಾಂಡೊಲಿನ್ ಅಭ್ಯಾಸ
ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಅಭ್ಯಾಸ ಇದೆ. ಹೊಸದಾಗಿ ಸೇರಿದವರು ತಪ್ಪದೆ ಬನ್ನಿ, ಈ ಸಲ ಜಾಸ್ತಿ ಬಲಗೈ ಕೆಲಸ. ಜಿ, ಡಿ, ಎ, ಇ ನಾಲ್ಕೂ ಜೋಡಿ ತಂತಿಗಳನ್ನು ಮನೆಯಲ್ಲೇ ಶ್ರುತಿ ಮಾಡಿಕೊಂಡು ಬನ್ನಿ. ಜೋಡಿಯಲ್ಲಿ ಒಂದು ತಂತಿ ಚೂರು ಇಳಿದಿದ್ದರೂ ಕಿವಿಗೆ ಹಿತವಾಗುವುದಿಲ್ಲ.

ಮೊದಲು ಐರಿಶ್ ಜಿಗ್ (ಐರ್ಲೆಂಡಿನ ಕುಣಿತದ ಧಾಟಿ): ಮೀಟುವ ಕ್ರಮ ಕೆಳಗೆ-ಮೇಲೆ-ಕೆಳಗೆ, ಮತ್ತೆ ಕೆಳಗೆ-ಮೇಲೆ-ಕೆಳಗೆ. ಆರು ಎಣಿಕೆಯಲ್ಲಿ 1 ಮತ್ತು 4ಕ್ಕೆ ಒತ್ತು. ಆಮೇಲೆ ಬ್ಲೂಗ್ರಾಸ್‌ನ (ಅಮೆರಿಕದ ಒಂದು ಜನಪದ ಸಂಗೀತ ಶೈಲಿ) ಚಾಪ್, ಅಂದರೆ ಮೀಟಿ ತಕ್ಷಣ ನಿಲ್ಲಿಸುವ ಪೆಟ್ಟು, ನಾಲ್ಕು ಎಣಿಕೆಯಲ್ಲಿ 2 ಮತ್ತು 4ಕ್ಕೆ. ಮೀಟಿದ ತಕ್ಷಣ ಎಡಗೈ ಬೆರಳು ಸಡಿಲಿಸಿ, ಆದರೆ ತಂತಿಯಿಂದ ಎತ್ತಬೇಡಿ. ಆಗ ನಾದ ಟಕ್ ಅಂತ ನಿಲ್ಲುತ್ತದೆ. ಕಷ್ಟ ಇರುವುದೇ ಇಲ್ಲಿ ಅಲ್ವಾ, ಅದಕ್ಕೇ ಅರ್ಧ ಗಂಟೆ ಇಟ್ಟಿದ್ದೇನೆ. ಟ್ರೆಮೊಲೊ (ಒಂದೇ ಸ್ವರವನ್ನು ಬಿಡದೆ ಬೇಗ ಬೇಗ ಮೀಟುವುದು) ಮುಂದಿನ ವಾರ.

ಹೆಚ್ಚಿಗೆ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಇದ್ದವರು ದಯವಿಟ್ಟು ತನ್ನಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.