ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಮದುವೆ ನೋಂದಣಿಯ ಯೋಚನೆ ಇರಲಿ

ಮಾನ್ಯ ಸಂಪಾದಕರೇ,

ಮದುವೆ ನೋಂದಣಿಗೆಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದ ದಂಪತಿ ಕೆಲಸವಾಗದೆ ವಾಪಸಾಗುವುದು ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಹೊಸದಲ್ಲ. ಹೆಚ್ಚಿನ ಸಲ ಅಡ್ಡ ಬರುವುದು ಕಾನೂನಲ್ಲ, ಹೆಸರು. ಹುಡುಗನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ಅದನ್ನು ಬಿಡಿಸಿ ಊರು, ಅಪ್ಪನ ಹೆಸರು ಎರಡನ್ನೂ ಸೇರಿಸಿರುತ್ತಾರೆ. ಲಗ್ನಪತ್ರಿಕೆಗೆ ಬರುವ ಹೊತ್ತಿಗೆ ಕೊನೆಯಲ್ಲೊಂದು ‘ಗೌಡ’ ಬಂದು ಕೂತಿರುತ್ತದೆ. ಹುಡುಗಿ ಅಂಕಪಟ್ಟಿಯಲ್ಲಿ ಮಹಾಲಕ್ಷ್ಮಿ, ಆಧಾರ್‌ನಲ್ಲಿ ಲಕ್ಷ್ಮಿ, ಪತ್ರಿಕೆಯಲ್ಲಿ ಮನೆಯವರು ಕರೆಯುವ ಹೆಸರು. ನೆಂಟರಿಷ್ಟರಿಗೆ ಇದು ಒಬ್ಬಳೇ ಮಗಳು. ಮೇಜಿನ ಆಚೆ ಕೂತವರಿಗೆ ಮೂರು ಜನ.

ಆದ್ದರಿಂದ ಪತ್ರಿಕೆಯನ್ನು ಪ್ರೆಸ್ಸಿಗೆ ಕೊಡುವ ದಿನವೇ ಇಬ್ಬರ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಇದ್ದರೆ ಅದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪತ್ರಿಕೆಯಲ್ಲಿ ದಾಖಲೆಯ ಹೆಸರೇ ಇರಲಿ. ಪ್ರೀತಿಯ ಹೆಸರು ಬೇಕೆಂದರೆ ಅದರ ಕೆಳಗೆ ಹಾಕಿಸಿ. ಆಧಾರ್‌ನಲ್ಲಿ ತಪ್ಪಿದ್ದರೆ ಮದುವೆಗೆ ಮೊದಲೇ ತಿದ್ದಿಸಿಕೊಳ್ಳುವುದು ಒಳ್ಳೆಯದು. ಆದರೆ ಹೆಸರು ಬದಲಿಸಲು ಅಲ್ಲಿ ಎರಡೇ ಅವಕಾಶ. ಎಷ್ಟೋ ಮನೆಗಳಲ್ಲಿ ಮದುವೆಯಾದ ವಾರದಲ್ಲೇ ಸೊಸೆಯ ಆಧಾರ್‌ಗೆ ಗಂಡನ ಹೆಸರು ಸೇರಿಸಿಬಿಡುತ್ತಾರೆ, ಆಮೇಲೆ ನೋಂದಣಿಗೆ ಬರುತ್ತಾರೆ. ಆಗ ಅಂಕಪಟ್ಟಿಗೂ ಆಧಾರ್‌ಗೂ ತಾಳೆಯೇ ಆಗುವುದಿಲ್ಲ. ಮೊದಲು ತವರಿನ ಹೆಸರಿನಲ್ಲೇ ಮದುವೆ ನೋಂದಣಿ ಆಗಲಿ. ಹೆಸರು ಬದಲಿಸಲೇಬೇಕು ಎಂದಿದ್ದರೆ ಆ ಪ್ರಮಾಣಪತ್ರವನ್ನೇ ಆಧಾರವಾಗಿ ಕೊಡಬಹುದು.

ಪತ್ರಿಕೆಯಲ್ಲಿ ಇನ್ನೊಂದು ತೊಡಕೂ ಇದೆ. ನಮ್ಮ ಕಡೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ. ಪತ್ರಿಕೆಯಲ್ಲಿ ಎರಡು ದಿನಾಂಕ ಇರುತ್ತವೆ; ಆರತಕ್ಷತೆಯದು ದೊಡ್ಡ ಅಕ್ಷರದಲ್ಲಿ, ಮುಹೂರ್ತದ್ದು ತಿಥಿ ನಕ್ಷತ್ರಗಳ ನಡುವೆ ಸಣ್ಣದಾಗಿ. ಅರ್ಜಿ ತುಂಬುವವರು ದೊಡ್ಡದನ್ನು ಬರೆದುಬಿಡುತ್ತಾರೆ. ಮದುವೆಯ ದಿನಾಂಕ ಎಂದರೆ ಮಾಂಗಲ್ಯಧಾರಣೆ ಆದ ದಿನ. ಪ್ರಮಾಣಪತ್ರದಲ್ಲಿ ಒಂದು ದಿನ, ಫೋಟೊ ಆಲ್ಬಮ್ಮಿನಲ್ಲಿ ಇನ್ನೊಂದು ದಿನ ಎಂದಾದರೆ ವೀಸಾ ಸಂದರ್ಶನದಲ್ಲಿ ಉತ್ತರ ಹೇಳಬೇಕಾದವರು ದಂಪತಿ.

ಯಾವ ಕಚೇರಿಗೆ ಹೋಗಬೇಕು ಎಂಬ ಪ್ರಶ್ನೆ ಧರ್ಮಸ್ಥಳದಲ್ಲೋ ಹೊರನಾಡಿನಲ್ಲೋ ಮದುವೆ ಮಾಡಿದವರದ್ದು. ಧರ್ಮಸ್ಥಳದಲ್ಲಿ ಧಾರೆ ಎರೆದರೆ ಬೆಳ್ತಂಗಡಿಗೇ ಹೋಗಬೇಕೆಂದಿಲ್ಲ. ಮದುವೆ ನಡೆದ ಜಾಗದ ವ್ಯಾಪ್ತಿಯ ಕಚೇರಿ ಆಗುತ್ತದೆ, ಹುಡುಗನ ಅಥವಾ ಹುಡುಗಿಯ ವಾಸಸ್ಥಳದ ಕಚೇರಿಯೂ ಆಗುತ್ತದೆ. ಮೂವರು ಸಾಕ್ಷಿಗಳನ್ನು ಚಾರ್ಮಾಡಿ ಘಾಟಿ ಇಳಿಸಿ ಕರೆದುಕೊಂಡು ಹೋಗುವುದಕ್ಕಿಂತ ಊರಿನ ಕಚೇರಿಯೇ ವಾಸಿ. ಸಾಕ್ಷಿಗಳು ಮದುವೆಗೆ ಬಂದಿದ್ದವರಾಗಿರಲಿ, ಅವರ ಗುರುತಿನ ಚೀಟಿಯೂ ಜೊತೆಗಿರಲಿ. ದಂಪತಿಯ ವಯಸ್ಸು ಮತ್ತು ವಿಳಾಸದ ದಾಖಲೆ, ಫೋಟೊ, ಲಗ್ನಪತ್ರಿಕೆಗಳ ಮೂಲವನ್ನೂ ಒಯ್ಯಿರಿ. ಬರೀ ಜೆರಾಕ್ಸ್ ಹಿಡಿದು ಹೋದರೆ ಇನ್ನೊಂದು ಓಡಾಟ ಖಚಿತ. ಆಷಾಢಕ್ಕೆ ಹೆಣ್ಣು ತವರಿಗೆ ಹೋಗುವ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಜಾಣತನ.

2024ರ ಫೆಬ್ರುವರಿಯಿಂದ ಹಿಂದೂ ವಿವಾಹ ನೋಂದಣಿಯನ್ನು ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಮನೆಯಿಂದಲೇ ಮಾಡಬಹುದಾಗಿದೆ. ಲಗ್ನಪತ್ರಿಕೆ ಮತ್ತು ಮದುವೆಯ ವಿಡಿಯೊ ಏರಿಸಬೇಕು, ಆಧಾರ್ ಮೂಲಕ ಗುರುತು ಖಚಿತಪಡಿಸಬೇಕು. ಇಲ್ಲಿ ಕೈಕೊಡುವುದು ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್. ಒಟಿಪಿ ಹೋಗುವುದು ಎಂದೋ ಬಿಟ್ಟುಬಿಟ್ಟ ಸಿಮ್ಮಿಗೆ. ಮೊದಲು ನಂಬರ್ ಸರಿಮಾಡಿಕೊಂಡು ಆಮೇಲೆ ಅರ್ಜಿಗೆ ಕೈಹಾಕಿ. ವಿಡಿಯೊಗ್ರಾಫರ್ ಕೊಡುವ ಹಾಡು ತುಂಬಿದ ಮೂರು ಗಂಟೆಯ ಸಿನಿಮಾ ಇದಕ್ಕೆ ಬೇಡ. ತಾಳಿ ಕಟ್ಟುವಾಗ ಇಬ್ಬರ ಮುಖವೂ ಕಾಣುವ ಸಣ್ಣ ತುಣುಕನ್ನು ಅಂದೇ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಆಧಾರ್ ಬಳಸಲು ಆಗದವರಿಗೆ ಕಚೇರಿಯ ಹಾದಿ ಇದ್ದೇ ಇದೆ. ಎಲ್ಲೇ ಆದರೂ ಕರಡನ್ನು ಅಕ್ಷರ ಅಕ್ಷರ ಓದಿದ ಮೇಲೆಯೇ ಒಪ್ಪಿಗೆ ಕೊಡಿ. ಇಂಗ್ಲಿಷ್ ಕಾಗುಣಿತದಲ್ಲಿ ಮಂಜುನಾಥನ ಕೊನೆಯ ‘ಎಚ್’ ಬಿದ್ದುಹೋಗಿದ್ದರೆ ಆ ಗಳಿಗೆಯಲ್ಲಿ ಸರಿಪಡಿಸುವುದು ಸುಲಭ, ರಿಜಿಸ್ಟರಿಗೆ ಏರಿದ ಮೇಲೆ ಬಹಳ ಕಷ್ಟ.

ಮದುವೆಗೆ ಮುಂಚೆ ‘ಲೈಸೆನ್ಸ್’ ಬೇಕೇ ಎಂದು ವಿದೇಶದಲ್ಲಿ ಕೆಲಸ ಮಾಡುವ ಹುಡುಗರು ಕೇಳುವುದುಂಟು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಅಂಥದ್ದಿಲ್ಲ. ಅಲ್ಲಿ ಶಾಸ್ತ್ರ ಮೊದಲು, ನೋಂದಣಿ ಆಮೇಲೆ. ಶಾಸ್ತ್ರವೇ ನಡೆಯದೆ ಬರೀ ಪ್ರಮಾಣಪತ್ರ ಮಾಡಿಸಿಕೊಂಡರೆ ಅದು ಮದುವೆಯಾಗುವುದಿಲ್ಲ ಎಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ವೀಸಾಕ್ಕೆ ಈಗ ಕಾಗದ, ಮುಂದಿನ ವರ್ಷ ಛತ್ರದಲ್ಲಿ ಮದುವೆ ಎನ್ನುವವರು ಇದನ್ನು ಮರೆಯಬಾರದು. ಈ ಕಾಯ್ದೆ ವೀರಶೈವ ಲಿಂಗಾಯತರಿಗೂ ಜೈನರಿಗೂ ಬೌದ್ಧರಿಗೂ ಅನ್ವಯಿಸುತ್ತದೆ.

ಬೇರೆ ಬೇರೆ ಧರ್ಮದವರಿಗೆ, ಶಾಸ್ತ್ರ ಬೇಡ ಎನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಜನ ‘ರಿಜಿಸ್ಟರ್ ಮ್ಯಾರೇಜ್’ ಎನ್ನುವುದು ಇದನ್ನೇ. ಇಲ್ಲಿ ನೋಟಿಸ್ ಮೊದಲು. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮುನ್ನ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು. ನೋಟಿಸನ್ನು ಕಚೇರಿಯಲ್ಲಿ ಪ್ರಕಟಿಸುತ್ತಾರೆ. ಯಾರಾದರೂ ಬೇರೆ ಜಿಲ್ಲೆಯ ಕಾಯಂ ನಿವಾಸಿಯಾಗಿದ್ದರೆ ಪ್ರತಿ ಅಲ್ಲಿಗೂ ಹೋಗುತ್ತದೆ. ಆಕ್ಷೇಪಕ್ಕೆ 30 ದಿನ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿನಿಂದ. ಹುಡುಗನ ರಜೆ ಮೂರೇ ವಾರ ಎಂದಾದರೆ ಈ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು.

ನಮ್ಮ ಭಾಗದವರಿಗೆ ಇಲ್ಲೊಂದು ಕಾಣದ ಗುಂಡಿ ಇದೆ. ಸೋದರಮಾವನಿಗೆ ಕೊಡುವುದು, ಅತ್ತೆಯ ಮಗಳನ್ನು ತರುವುದು ನಮ್ಮಲ್ಲಿ ರೂಢಿ. ಹಿಂದೂ ವಿವಾಹ ಕಾಯ್ದೆ ಇದನ್ನು ರೂಢಿಯ ಬಲದ ಮೇಲೆ ಒಪ್ಪುತ್ತದೆ. ವಿಶೇಷ ವಿವಾಹ ಕಾಯ್ದೆಯಲ್ಲಿ ಅಕ್ಕನ ಮಗಳೂ ಅತ್ತೆಯ ಮಗಳೂ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿದ್ದಾರೆ. ಆ ರೂಢಿಯನ್ನು ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ್ದರೆ ಮಾತ್ರ ವಿನಾಯಿತಿ. ಛತ್ರದ ಖರ್ಚು ಉಳಿಯುತ್ತದೆಂದು ಈ ಕಾಯ್ದೆಯ ಕಡೆ ಹೊರಟ ಸೋದರ ಸಂಬಂಧದ ಜೋಡಿಗಳು ದೇವಸ್ಥಾನದಲ್ಲಿ ಸರಳವಾಗಿ ತಾಳಿ ಕಟ್ಟಿಸಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸುವುದೇ ಸರಿ. ಬೇರೆ ಪದ್ಧತಿಯಲ್ಲಿ ಈಗಾಗಲೇ ಆದ ಮದುವೆಯನ್ನೂ ವಿಶೇಷ ವಿವಾಹ ಕಾಯ್ದೆಯಡಿ ನೋಂದಾಯಿಸಬಹುದು. ಆದರೆ ಅದಕ್ಕೆ ನೋಂದಣಿಯ ದಿನ ಇಬ್ಬರಿಗೂ 21 ತುಂಬಿರಬೇಕು, ಹೆಣ್ಣಿಗೂ ಸಹ. ಮದುವೆಯ ವಯಸ್ಸು ಹೆಣ್ಣಿಗೆ 18 ಎಂದಷ್ಟೇ ತಿಳಿದು ಬಂದವರು ಇಲ್ಲಿ ಎಡವುತ್ತಾರೆ.

ಇನ್ನು ಹಳೆಯ ದಾಖಲೆ. ಹಿಂದೂ ವಿವಾಹ ರಿಜಿಸ್ಟರಿನಿಂದ ದೃಢೀಕೃತ ನಕಲು ಕೊಡಬೇಕೆಂದು ಕಾಯ್ದೆಯ 8ನೇ ಕಲಮು ಹೇಳುತ್ತದೆ, ಅದು ನ್ಯಾಯಾಲಯದಲ್ಲಿ ಸಾಕ್ಷ್ಯವೂ ಹೌದು. ಅರ್ಜಿಯಲ್ಲಿ ನೋಂದಣಿ ಸಂಖ್ಯೆ ಮತ್ತು ದಿನಾಂಕ ಇದ್ದರೆ ಕೆಲಸ ಬೇಗ. ಇಲ್ಲವಾದರೆ ಹೆಸರು ಮತ್ತು ವರ್ಷ ಹಿಡಿದು ಹುಡುಕಬೇಕು. ಅದು ಮದುವೆಯಾದ ವರ್ಷವಲ್ಲ, ನೋಂದಣಿಯಾದ ವರ್ಷ. ಕಚೇರಿಯೂ ಹಾಗೆಯೇ, ನೋಂದಣಿ ಎಲ್ಲಾಯಿತೋ ಅಲ್ಲೇ. ಕಳಸ ಮೊದಲು ಮೂಡಿಗೆರೆಗೆ, ಅಜ್ಜಂಪುರ ತರೀಕೆರೆಗೆ ಸೇರಿದ್ದವು. ಆ ಕಡೆಯವರು ಹಳೆಯ ದಾಖಲೆಗೆ ಎರಡೂ ಕಡೆ ವಿಚಾರಿಸಬೇಕು. ಆದ್ದರಿಂದ ಇವತ್ತು ಪ್ರಮಾಣಪತ್ರ ಕೈಗೆ ಬಂದವರು ಅದರ ಫೋಟೊ ತೆಗೆದು ಎರಡು ಮನೆಯವರ ಫೋನಿನಲ್ಲೂ ಇಟ್ಟಿರಲಿ.

ನೋಂದಣಿ ಮಾಡಿಸದಿದ್ದರೆ ಮದುವೆ ಅಸಿಂಧುವಾಗುವುದಿಲ್ಲ, ನಿಜ. ಆ ಮಾತನ್ನೇ ನಂಬಿ 30 ವರ್ಷ ಸುಮ್ಮನಿದ್ದವರು ಕಷ್ಟಕ್ಕೆ ಬೀಳುವುದು ಗಂಡ ತೀರಿಕೊಂಡಾಗ. ನೋಂದಣಿ ಅರ್ಜಿಗೆ ಇಬ್ಬರ ಸಹಿಯೂ ಬೇಕು. ಸಹಿ ಹಾಕುವವರೇ ಇಲ್ಲವಾದ ಮೇಲೆ ಹೆಂಡತಿಯಾದವಳು ವಂಶವೃಕ್ಷಕ್ಕೆ ನಾಡಕಚೇರಿ, ಪಿಂಚಣಿಗೋ ಪಿಎಫ್‌ಗೋ ಇನ್ನೊಂದು ಕಚೇರಿ ಎಂದು ಅಲೆಯಬೇಕು. ಕಾಫಿ ತೋಟದ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ ಬದುಕು ಕಳೆದ ಹೆಣ್ಣುಮಕ್ಕಳ ಹತ್ತಿರ ಲಗ್ನಪತ್ರಿಕೆಯೂ ಇರುವುದಿಲ್ಲ, ಫೋಟೊವೂ ಇರುವುದಿಲ್ಲ. ಮದುವೆಯಾಗಿ ಎಷ್ಟೇ ವರ್ಷವಾಗಿರಲಿ, ಇಬ್ಬರೂ ಇರುವಾಗ, ಮದುವೆ ಕಂಡ ಹಿರಿಯರು ಸಾಕ್ಷಿ ಹೇಳಲು ಬದುಕಿರುವಾಗ ನೋಂದಾಯಿಸಿಕೊಳ್ಳಲಿ. ತೋಟದ ರೈಟರುಗಳೂ ಮೇಸ್ತ್ರಿಗಳೂ ಇವರಿಗೆ ಒಂದು ದಿನ ನೆರವಾಗಬೇಕೆಂದು ಕೈಮುಗಿದು ಕೇಳುತ್ತೇವೆ.

ಎರಡೂ ಜಿಲ್ಲೆಗಳ ನೋಂದಣಿ ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟು. ಬೇಕಾದ ದಾಖಲೆಗಳ ಪಟ್ಟಿ ಮತ್ತು ಸರ್ಕಾರಿ ಶುಲ್ಕವನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬಾಗಿಲ ಹೊರಗೇ ಹಾಕಿಸಿ. ಒಳಗಿನ ಗೋಡೆಯ ಮೇಲಿದ್ದರೆ ಅದನ್ನು ಮೊದಲು ಓದುವವನು ದಲ್ಲಾಳಿ. ಕೈಬರಹದ ಹಳೆಯ ರಿಜಿಸ್ಟರುಗಳ ಹೆಸರಿನ ಸೂಚಿಯನ್ನು ಕಂಪ್ಯೂಟರಿಗೆ ಏರಿಸಿ. ದಾಖಲೆಗಳ ಪಟ್ಟಿಯ ಒಂದು ಪ್ರತಿ ತಾಲ್ಲೂಕಿನ ಪ್ರತಿ ಛತ್ರಕ್ಕೂ ಹೋಗಲಿ. ಛತ್ರ ಬುಕ್ ಮಾಡಲು ಬಂದವರಿಗೆ ಅಡ್ವಾನ್ಸ್ ರಸೀದಿಯ ಜೊತೆ ಅದನ್ನೂ ಕೊಟ್ಟರೆ ಹೆಸರು ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ; ಆ ಹೊತ್ತಿಗೆ ಲಗ್ನಪತ್ರಿಕೆ ಇನ್ನೂ ಅಚ್ಚಾಗಿರುವುದಿಲ್ಲ.

ಇಂತಿ,
ಪತ್ರ ಬರಹಗಾರರು, ಹಾಸನ