ಐಸಿಯು ಬಿಡಬೇಕೆಂದಿರುವ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಕಳೆದ ಭಾನುವಾರ ನೈಟ್ ಡ್ಯೂಟಿ ಮುಗಿಸಿ ಬಂದವಳು ಮಲಗುವುದನ್ನೂ ಬಿಟ್ಟು ನನಗೆ ಫೋನ್ ಮಾಡಿ, ಐಸಿಯು ಬಿಟ್ಟು ಮನೋರೋಗ ಶುಶ್ರೂಷೆಯ ಕಡೆಗೆ ಹೋಗಲೇ ಎಂದು ಕೇಳಿದೆ. ನಾನು "ಮೊದಲು ಉಂಡು ಮಲಗು" ಎಂದಷ್ಟೇ ಹೇಳಿ ಫೋನ್ ಇಟ್ಟೆ. ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದ ತಾಯಿ ಹಾಗೆ ಜಾರಿಕೊಳ್ಳಬಾರದಿತ್ತು. ನಾಲ್ಕು ದಿನ ಯೋಚಿಸಿ ಈಗ ಬರೆಯುತ್ತಿದ್ದೇನೆ.

ನೀನು ಎರಡು ಕಾರಣ ಹೇಳಿದೆ. ಹೊಲಕ್ಕೆ ಹೊಡೆಯುವ ಔಷಧ ಕುಡಿದು ಬಂದ ಆ ಹೆಣ್ಣುಮಗಳನ್ನು ಹದಿನೇಳು ದಿನ ನೋಡಿಕೊಂಡು, ವೆಂಟಿಲೇಟರಿನಿಂದ ಬಿಡಿಸಿ, ನಡೆಸಿಕೊಂಡು ಹೋಗಿ ಮನೆಯವರ ಕೈಗೆ ಒಪ್ಪಿಸಿದ್ದೂ, ಮೂರು ತಿಂಗಳಿಗೆ ಆಕೆ ಅದೇ ಸ್ಥಿತಿಯಲ್ಲಿ ಮತ್ತೆ ಬಂದದ್ದೂ ಮೊದಲನೆಯದು. "ಉಸಿರು ಉಳಿಸಿದೆವು ಅವ್ವಾ, ಯಾಕೆ ಕುಡಿದೆ ಎಂದು ಕೂತು ಕೇಳಲು ನಮಗ್ಯಾರಿಗೂ ಹೊತ್ತಿರಲಿಲ್ಲ" ಎಂದೆ. ಸಾಲಾಗಿ ಬಂದ ರಾತ್ರಿ ಪಾಳಿ, ವೆಂಟಿಲೇಟರಿನ ಇಬ್ಬರು ರೋಗಿಗಳಿಗೆ ನೀನೊಬ್ಬಳೇ ಎಂಬಂಥ ಹಂಚಿಕೆ, ಹ್ಯಾಂಡೋವರ್ ವೇಳೆ ಇನ್‌ಚಾರ್ಜ್ ಸಿಸ್ಟರ್ ಎಲ್ಲರೆದುರು ಆಡಿದ ಮಾತು, ಇದೆಲ್ಲ ಎರಡನೆಯದು. ಮೊದಲನೆಯದನ್ನು ಹೇಳುವಾಗ ನಿನ್ನ ದನಿ ನಿಧಾನವಾಗಿತ್ತು. ಎರಡನೆಯದನ್ನು ಹೇಳುವಾಗ ನಿನಗೆ ಅಳು ಬಂತು.

ಇವೆರಡೂ ಬೇರೆ ಬೇರೆ ಮಾತುಗಳೆಂಬುದನ್ನು ನೀನು ಮೊದಲು ಗಮನಿಸಬೇಕು. ಅಳು ತರಿಸಿದ ಕಾರಣಕ್ಕೆ ವಿಭಾಗ ಬದಲಿಸುವುದು ಮದ್ದಲ್ಲ. ಅದಕ್ಕೆ ಪಾಳಿ ಬದಲಿಸಬಹುದು, ಬೇಕಾದರೆ ಆಸ್ಪತ್ರೆಯನ್ನೇ ಬದಲಿಸಬಹುದು. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕೆಂಬುದು ನಿನ್ನೊಬ್ಬಳ ಹಟವಲ್ಲ, ಈ ವೃತ್ತಿ ಒಪ್ಪಿಕೊಂಡ ಅಳತೆ. ಅದು ಸಿಗದಿದ್ದಾಗ ಬಂದ ದಣಿವನ್ನು ನಿನ್ನ ಕೈಲಾಗದತನವೆಂದು ತಿಳಿಯಬೇಡ. ಆದರೆ ಮನೋರೋಗ ವಾರ್ಡಿಗೆ ಹೋದರೆ ರಾತ್ರಿ ಪಾಳಿ ತಪ್ಪುತ್ತದೆ, ರೋಗಿಗಳ ಸಂಖ್ಯೆ ಕಡಿಮೆಯಾಗುತ್ತದೆ ಎಂದೇನಾದರೂ ಮನಸ್ಸಿನ ಮೂಲೆಯಲ್ಲಿದ್ದರೆ ಅದನ್ನು ಈಗಲೇ ತೆಗೆದುಹಾಕು. ಅಲ್ಲಿ ಮಾನಿಟರಿನ ಸದ್ದು ಇರುವುದಿಲ್ಲ, ಆದ್ದರಿಂದ ಅಪಾಯವನ್ನು ಮುಖ ನೋಡಿಯೇ ಕಂಡುಹಿಡಿಯಬೇಕಾಗುತ್ತದೆ.

ಮೊದಲನೆಯ ಕಾರಣ ಮಾತ್ರ ಗಟ್ಟಿಯಾದದ್ದು. ಅದಕ್ಕಾಗಿ ನೀನು ಹೋಗಬೇಕೆಂದೇ ನನ್ನ ಅಭಿಪ್ರಾಯ. ಆದರೆ ಈ ತಿಂಗಳಲ್ಲ. ಯಾಕೆಂದು ಹೇಳುತ್ತೇನೆ.

ನೀನು ಹಾಸ್ಟೆಲಿನಿಂದ ತಂದಿಟ್ಟ ಬಿ.ಎಸ್ಸಿ. ಪುಸ್ತಕಗಳನ್ನು ನಿವೃತ್ತಿಯ ಮೇಲೆ ನಾನು ಒಂದೊಂದಾಗಿ ಓದಿದ್ದೇನೆ. ನಮ್ಮ ಕಾಲದ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾದ ಪಾಠದಲ್ಲಿ ಇರದಿದ್ದ ಎಷ್ಟೋ ಸಂಗತಿಗಳು ಅವುಗಳಲ್ಲಿವೆ. ಅಮೆರಿಕದ ಪೆಟ್ರೀಷಿಯಾ ಬೆನ್ನರ್ 1980ರ ದಶಕದಲ್ಲಿ, ನರ್ಸ್ ಒಬ್ಬಳು ಹೊಸಬಳಿಂದ ನಿಷ್ಣಾತಳಾಗುವವರೆಗೆ ಐದು ಹಂತಗಳನ್ನು ಗುರುತಿಸಿದ್ದು ನಿನಗೆ ನೆನಪಿರಬೇಕು. ಒಂದೇ ಬಗೆಯ ಕೆಲಸದಲ್ಲಿ ಎರಡು-ಮೂರು ವರ್ಷ ಇದ್ದವಳಿಗೆ ಮೂರನೆಯ ಹಂತ, ಅಂದರೆ ತನ್ನ ಪಾಳಿಯನ್ನು ತಾನೇ ಯೋಜಿಸಿ ನಡೆಸುವ ಸಾಮರ್ಥ್ಯ ದಕ್ಕುತ್ತದೆಂದೂ, ಎಷ್ಟೇ ನುರಿತವಳಾದರೂ ಅರಿಯದ ವಿಭಾಗಕ್ಕೆ ಹೋದರೆ ಮತ್ತೆ ಹೊಸಬಳೇ ಎಂದೂ ಆಕೆ ಹೇಳುತ್ತಾರೆ. ನಿನಗೀಗ ಹದಿನಾಲ್ಕು ತಿಂಗಳು. ಎಲ್ಲ ಕೆಲಸವೂ ಗೊತ್ತು, ಆದರೆ ಯಾವುದು ಮೊದಲು ಎಂಬುದು ಇನ್ನೂ ಕೈಗೆ ಬಂದಿಲ್ಲ. ಆದ್ದರಿಂದ ಎಲ್ಲವೂ ಒಟ್ಟಿಗೆ ಮೈಮೇಲೆ ಬಿದ್ದಂತಾಗುತ್ತದೆ. ಈ ಹೊತ್ತಿನಲ್ಲಿ ಐಸಿಯು ನಿನಗೆ ಒಗ್ಗುವುದೋ ಇಲ್ಲವೋ ಎಂದು ತೀರ್ಮಾನಿಸುವುದು ಕಷ್ಟ.

ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ನನ್ನ ಎರಡನೆಯ ವರ್ಷವೂ ಹೀಗೇ ಇತ್ತು. ಹೆರಿಗೆಯಾದ ಮೇಲೆ ರಕ್ತಸ್ರಾವವಾಗಿ ಒಬ್ಬ ಬಾಣಂತಿ ತೀರಿಕೊಂಡಾಗ ಬೇರೆ ವಾರ್ಡ್ ಕೊಡಿ ಎಂದು ಅರ್ಜಿ ಬರೆದಿದ್ದೆ. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ವರ್ಷದ ಕೊನೆಗೆ, ಹೊಟ್ಟೆಯ ಮೇಲೆ ಕೈಯಿಟ್ಟ ಕೂಡಲೇ ಗರ್ಭಕೋಶ ಗಟ್ಟಿಯಾಗುತ್ತಿದೆಯೋ ಮೆತ್ತಗಾಗುತ್ತಿದೆಯೋ ಎಂಬುದು ಕೈಗೇ ತಿಳಿಯತೊಡಗಿತು. ರಕ್ತ ಕಾಣುವ ಮೊದಲೇ ಡಾಕ್ಟರನ್ನು ಕರೆಯುತ್ತಿದ್ದೆ.

ಆದರೆ ನನ್ನ ತಪ್ಪನ್ನೂ ನಿನಗೆ ಹೇಳಬೇಕು. ಎಂಟನೆಯ ವರ್ಷದಲ್ಲಿ ಸಾರ್ವಜನಿಕ ಆರೋಗ್ಯ ಶುಶ್ರೂಷೆಯ ತರಬೇತಿಗೆ ಹೋಗುವ ಅವಕಾಶ ಬಂತು. ಊರೂರು ತಿರುಗಿ ಬಸುರಿಯರನ್ನು ಮನೆಯಲ್ಲಿಯೇ ನೋಡುವ ಆ ಕೆಲಸ ನನಗೆ ಬಹಳ ಇಷ್ಟವಿತ್ತು, ಆದರೂ ಹೋಗಲಿಲ್ಲ. ಅಷ್ಟು ಹೊತ್ತಿಗೆ ಕಷ್ಟದ ಹೆರಿಗೆಯೆಂದರೆ ನನ್ನನ್ನೇ ಕರೆಯುತ್ತಿದ್ದರು. ಮತ್ತೆ ಏನೂ ತಿಳಿಯದವಳಾಗಿ ಮೊದಲಿನಿಂದ ಶುರುಮಾಡಲು ಮನಸ್ಸು ಒಪ್ಪಲಿಲ್ಲ. ಕೆಲಸ ಚೆನ್ನಾಗಿ ಬರುತ್ತಿತ್ತೆಂಬುದೇ ನನ್ನನ್ನು ಕಟ್ಟಿಹಾಕಿತು. ಆದ್ದರಿಂದಲೇ ನಿನಗೆ ಐದು ವರ್ಷ ಕಾಯಿ ಎಂದು ನಾನು ಹೇಳುವುದಿಲ್ಲ. ಎರಡು ವರ್ಷ ಮುಗಿಸು, ಇನ್ನು ಹತ್ತು ತಿಂಗಳು ಅಷ್ಟೇ.

ಈ ಹತ್ತು ತಿಂಗಳಲ್ಲಿ ಕಲಿತದ್ದು ಮನೋರೋಗ ವಾರ್ಡಿನಲ್ಲಿಯೂ ಕೆಲಸಕ್ಕೆ ಬರುತ್ತದೆ. ಕ್ರಿಮಿನಾಶಕ ಕುಡಿದ ರೋಗಿ ಅಟ್ರೋಪಿನ್ ಎಂಬ ಪ್ರತಿವಿಷದಿಂದ ಚೇತರಿಸಿಕೊಂಡಂತೆ ಕಂಡರೂ, ಒಂದರಿಂದ ನಾಲ್ಕು ದಿನಗಳೊಳಗೆ ಕತ್ತಿನ ಮತ್ತು ಉಸಿರಾಟದ ಸ್ನಾಯುಗಳು ಸೋಲಬಹುದೆಂದು ತಿಳಿದು, "ದಿಂಬಿನಿಂದ ತಲೆ ಎತ್ತಮ್ಮ" ಎಂದು ತಾಸಿಗೊಮ್ಮೆ ಕೇಳುತ್ತಿದ್ದೆನೆಂದು ನೀನೇ ಹೇಳಿದ್ದೆಯಲ್ಲ, ಆ ಕಣ್ಣು ಎಲ್ಲ ವಾರ್ಡಿಗೂ ಬೇಕು. ಕುಡಿತ ಬಿಟ್ಟ ಎರಡು-ಮೂರು ದಿನಗಳಿಗೆ ನಡುಕ, ಜ್ವರ, ಗೊಂದಲದಿಂದ ಚಡಪಡಿಸುವವನು ಬರೀ ಗಲಾಟೆ ಮಾಡುತ್ತಿಲ್ಲ, ಅವನ ಪ್ರಾಣಕ್ಕೇ ಅಪಾಯವಿದೆ ಎಂಬುದನ್ನು ಐಸಿಯು ಕಂಡ ನರ್ಸ್ ಬೇಗ ಗುರುತಿಸುತ್ತಾಳೆ. ಮನಸ್ಸಿನ ಅತಿಯಾದ ಏರಿಳಿತಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ವಾಂತಿ-ಭೇದಿಯಾದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಹುದು. ವಿದ್ಯುತ್ ಚಿಕಿತ್ಸೆಯನ್ನು ಈಗ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಟ್ಟೇ ಮಾಡಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹೇಳುತ್ತದೆ. ಅಲ್ಲಿ ಉಸಿರಿನ ದಾರಿ ಕಾಯಬಲ್ಲ ಕೈಗಳು ಬೇಕು. ಮನಸ್ಸಿನ ಕಾಯಿಲೆಯವರಿಗೆ ದೇಹದ ಕಾಯಿಲೆ ಬಂದಾಗ ಅದೂ ಹುಚ್ಚಿನ ಭಾಗವೆಂದು ಜನ ಕಡೆಗಣಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದೇ ಕಾಯ್ದೆಯ 115ನೆಯ ಕಲಮನ್ನು ಒಮ್ಮೆ ಓದು. ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು ಅದರಲ್ಲಿದೆ. ನೀನು ಹೇಳಿದ ಆ ಹೆಣ್ಣುಮಗಳ ಪಕ್ಕದಲ್ಲಿ ಕೂತು ಮಾತು ಕೇಳುವ ನರ್ಸ್ ಇಲ್ಲದಿದ್ದರೆ ಅದು ಕಾಗದದಲ್ಲಿಯೇ ಉಳಿಯುತ್ತದೆ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯ ಮಾದರಿಯನ್ನು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ನಡೆಸಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. 1996ರಲ್ಲಿ ಆ ಮಾದರಿಯೇ ದೇಶದ ಕಾರ್ಯಕ್ರಮವಾಯಿತು. ನೀನು ಮುಂದೊಂದು ದಿನ ಹಾವೇರಿಯಂಥ ಜಿಲ್ಲೆಯಲ್ಲಿ ಆ ಕೆಲಸ ಮಾಡುವುದಾದರೆ ನನಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ.

ನಿಮ್ಹಾನ್ಸ್‌ನಲ್ಲಿ ಮನೋರೋಗ ಶುಶ್ರೂಷೆಯ ಒಂದು ವರ್ಷದ ಡಿಪ್ಲೊಮಾ ಇದೆ. ಎಂ.ಎಸ್ಸಿ.ಗಿಂತ ಮೊದಲು ಅದನ್ನು ಮಾಡುವುದು ಒಳ್ಳೆಯದೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಈ ಕೆಲಸ ನಿನಗೆ ಹೊಂದುತ್ತದೆಯೇ ಎಂಬುದು ಒಂದು ವರ್ಷದಲ್ಲಿಯೇ ತಿಳಿಯುತ್ತದೆ. ಇಷ್ಟು ಕಾಲ ಕೆಲಸ ಬಿಡುವುದಿಲ್ಲವೆಂದು ಆಸ್ಪತ್ರೆಗೆ ಬರೆದುಕೊಟ್ಟ ಬಾಂಡ್ ಎಂದಿಗೆ ಮುಗಿಯುತ್ತದೆ, ಮೂಲ ಅಂಕಪಟ್ಟಿಗಳನ್ನು ಆಸ್ಪತ್ರೆಯವರು ಇಟ್ಟುಕೊಂಡಿದ್ದಾರೆಯೇ, ಅನುಭವ ಪ್ರಮಾಣಪತ್ರದಲ್ಲಿ ಐಸಿಯು ಎಂದು ನಮೂದಿಸುತ್ತಾರೆಯೇ, ಇವನ್ನೆಲ್ಲ ಜಗಳವಾಡದೆ ವಿಚಾರಿಸಿಟ್ಟುಕೊ. ಚಿಕ್ಕಮ್ಮ ಗಲ್ಫ್‌ಗೆ ಕೆಲಸಕ್ಕೆ ಹೋಗುವ ಮಾತೆತ್ತಿದರೆ ನಾನು ಉತ್ತರ ಕೊಡುತ್ತೇನೆ. ಅಲ್ಲಿ ಮಾನಸಿಕ ಆಸ್ಪತ್ರೆ ಇದೆಯೆಂದು "ಧಾರವಾಡಕ್ಕೆ ಕಳಿಸಬೇಕು" ಎಂಬುದನ್ನು ಬೈಗುಳವಾಗಿ ಬಳಸುವ ನಮ್ಮ ನೆಂಟರು ನಿನ್ನ ಮದುವೆಯ ಮಾತು ತೆಗೆದು ಏನೇನೋ ಅನ್ನುತ್ತಾರೆ. ಅವರಿಗೂ ನಾನೇ ಉತ್ತರ ಕೊಡುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಹತ್ತು ತಿಂಗಳ ಲೆಕ್ಕವನ್ನು ನೀನು ಕೇಳಬೇಕಾಗಿಲ್ಲ. ಡ್ಯೂಟಿ ಇಲ್ಲದ ದಿನವೂ ನಿದ್ದೆ ಬಾರದಿದ್ದರೆ, ಔಷಧದ ಪ್ರಮಾಣ ಲೆಕ್ಕ ಹಾಕುವಾಗ ಕೈ ತಪ್ಪತೊಡಗಿದರೆ, ಬೆಳಿಗ್ಗೆ ಎದ್ದು ಆಸ್ಪತ್ರೆಗೆ ಹೊರಡುವುದೆಂದರೆ ಎದೆ ನಡುಗುತ್ತಿದ್ದರೆ, ಅಂದೇ ನನಗೆ ತಿಳಿಸು. ಬಾಂಡಿನ ಹಣವನ್ನು ನಾನು ಹೊಂದಿಸುತ್ತೇನೆ.

ಮುಂದಿನ ತಿಂಗಳ ರಜೆಗೆ ಬಂದಾಗ ಇಬ್ಬರೂ ಧಾರವಾಡದ ಆ ಮಾನಸಿಕ ಆಸ್ಪತ್ರೆಗೆ, ಡಿಮ್ಹಾನ್ಸ್‌ಗೆ ಹೋಗಿಬರೋಣ. ನನ್ನ ಜೊತೆ ತರಬೇತಿ ಪಡೆದ ಗೆಳತಿ ಅಲ್ಲಿ ಸೇವೆ ಸಲ್ಲಿಸಿ ನಿವೃತ್ತಳಾಗಿ ಅದೇ ಊರಿನಲ್ಲಿದ್ದಾಳೆ. ಅವಳ ಹತ್ತಿರ ಒಂದು ಮಧ್ಯಾಹ್ನ ಕೂತು, ಮನಸ್ಸಿನಲ್ಲಿರುವುದನ್ನೆಲ್ಲ ನೀನೇ ಕೇಳು. ನಾನು ನಡುವೆ ಮಾತಾಡುವುದಿಲ್ಲ. ಬರುವಾಗ ಬಾಂಡ್‌ನ ಒಂದು ಪ್ರತಿ ತೆಗೆದುಕೊಂಡು ಬಾ.

ನಿನ್ನ,
ಅವ್ವ