ಚಿಗಟದ ವಾದ್ಯ

ಕ್ಯೋಟೊ, ಭಾನುವಾರ

ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ನಿನ್ನ ಕಾಗದ ಬುಧವಾರ ಸಿಕ್ಕಿತು, ಮೂರು ಸಲ ಓದಿದೆ. ಪುಟ್ಟಿ ಸಿನಿಮಾದಲ್ಲಿ ಪಾರ್ಟ್ ಮಾಡ್ತೀನಿ ಅಂದಿದ್ದಕ್ಕೆ ಅಪ್ಪ ಊಟ ಬಿಟ್ಟರು, ಬಿ.ಪಿ. ಮಾತ್ರೆಯನ್ನೂ ಬಿಟ್ಟರು ಅಂತ ಬರೆದಿದ್ದೀಯ. ಊಟ ಬಿಟ್ಟರೆ ಬಿಡಲಿ, ಮಾತ್ರೆ ಬಿಡಬಾರದು. ಮೊದಲು ಅದನ್ನು ನೋಡು.

'ಆ ಉಕುಲೇಲೆ ತಂದುಕೊಟ್ಟವನು ನೀನೇ' ಅಂತಲೂ ಬರೆದಿದ್ದೀಯ. ಹೌದಮ್ಮ, ಆ ಪುಟ್ಟ ಗಿಟಾರಿನಂಥ ವಾದ್ಯವನ್ನು ಪುಟ್ಟಿಗೆ ತಂದುಕೊಟ್ಟವನು ನಾನೇ. ಹವಾಯಿ ಭಾಷೆಯಲ್ಲಿ ಉಕುಲೇಲೆ ಅಂದರೆ ಜಿಗಿಯುವ ಚಿಗಟ ಅಂತೆ. ನಾಲ್ಕು ತಂತಿಯ ಚಿಗಟ ಮನೆಗೆ ಇಷ್ಟು ಕೆರೆತ ತರುತ್ತೆ ಅಂತ ನನಗೇನು ಗೊತ್ತು?

ಹೋದ ಶನಿವಾರ ನಮ್ಮ ಓನರ್ ಅಜ್ಜಿ ನನ್ನನ್ನು ಒಂದು ಪುಟ್ಟ ಹಾಲಿಗೆ ಕರೆದುಕೊಂಡು ಹೋದರು. ಟಿಕೆಟ್ ತಗೊಂಡರೂ ಒಳಗೆ ಹೋಗಿ ಒಂದು ಡ್ರಿಂಕ್ ಕೊಳ್ಳಲೇಬೇಕು, 600 ಯೆನ್. (ನಾನು ಕಿತ್ತಳೆ ಜ್ಯೂಸ್ ತಗೊಂಡೆ, ಗಾಬರಿ ಬೇಡ.) ಹಾಡಿದ್ದು ಪುಟ್ಟಿಯಷ್ಟೇ ವಯಸ್ಸಿನ ಹುಡುಗಿ. ಕೈಯಲ್ಲಿ ಅದೇ ಚಿಗಟ, ತೋರುಬೆರಳಿಗೆ ಪ್ಲಾಸ್ಟರ್. ಬರೀ ಅಜ್ಜಿ ಕಾಲದ ಹಾಡುಗಳು. ಇಲ್ಲಿ ಹಾಡು ಮುಗಿಯುವ ತನಕ ಯಾರೂ ಕೆಮ್ಮುವುದೂ ಇಲ್ಲ. ಅಜ್ಜಿ ಮಾತ್ರ ಲೋಟದ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಕಣ್ಣು ಒರೆಸಿಕೊಂಡರು.

ಕೊನೆಗೆ ಆ ಹುಡುಗಿ, ಮುಂದಿನ ತಿಂಗಳು ನಾಟಕದಲ್ಲೂ ಇದ್ದೀನಿ, ಬನ್ನಿ ಅಂತ ಸೊಂಟ ಬಗ್ಗಿಸಿ ನಮಸ್ಕರಿಸಿದಳು. 'ಇದೇನು ಹೊಸದಾ?' ಅಂದರು ಅಜ್ಜಿ. ಹೈದಾ ಕತ್ಸುಹಿಕೊ ಅಂತ ಒಬ್ಬರಿದ್ದರಂತೆ, 1911ರಲ್ಲಿ ಹೊನೊಲುಲುವಿನಲ್ಲಿ ಹುಟ್ಟಿದವರು. ಅಣ್ಣ ಯುಕಿಹಿಕೊ ಜೊತೆ ಜಪಾನಿಗೆ ಹವಾಯಿ ಸಂಗೀತದ ರುಚಿ ಹತ್ತಿಸಿದರು. ತಮ್ಮ ಹಾಡಿದ, ಸಿನಿಮಾದಲ್ಲೂ ನಟಿಸಿದ. ಯುದ್ಧದ ಕಾಲದಲ್ಲಿ ಅದು ಶತ್ರುವಿನ ಸಂಗೀತ ಅಂತ ಸರ್ಕಾರ ನಿಲ್ಲಿಸಿತು. ಆದರೂ ಅಣ್ಣ ಬಿಡಲಿಲ್ಲ, 1959ರಲ್ಲಿ ಉಕುಲೇಲೆ ಸಂಘವನ್ನೇ ಕಟ್ಟಿದರು. ನಮ್ಮ ಕ್ಯೋಟೊದವರೇ ಆದ ತ್ಸುಜಿ ಅಯಾನೊ ಕೂಡ ಉಕುಲೇಲೆ ಹಿಡಿದೇ ಹೆಸರು ಮಾಡಿದ್ದು, 2002ರಲ್ಲಿ ಬೆಕ್ಕಿನ ಕಾರ್ಟೂನ್ ಸಿನಿಮಾ ಒಂದಕ್ಕೆ ಹಾಡಿದರು. ಇಲ್ಲಿ ಯಾರ ಮಾನವೂ ಹೋಗಿಲ್ಲ.

ಅಪ್ಪನಿಗೆ ಒಂದು ಕೇಳು. ನಟನೆಯಿಂದ ಹಾಡಿಗೆ ಬಂದ ರಾಜಣ್ಣನಿಗೆ ಕೈ ಮುಗೀತಾರೆ. ಮಗಳು ಹಾಡಿನಿಂದ ನಟನೆಗೆ ಹೋದರೆ ತಪ್ಪಾ?

ಶಿವಮೊಗ್ಗದ ಗಂಡಿನ ಕಡೆಯವರಿಗೆ ಈಗಲೇ ಹೇಳಿಬಿಡಿ, ಮುಚ್ಚಿಡಬೇಡಿ. ಬೇಡ ಅಂದರೆ ಬೇಡ. ಆದರೆ ಪುಟ್ಟಿ ಕೆಲಸ ಬಿಡೋದು ಬೇಡ. ಇಲ್ಲಿ ಹಾಡಿದ ಆ ಹುಡುಗಿಯೂ ವಾರಕ್ಕೆ ನಾಲ್ಕು ದಿನ ಬೇಕರಿಯಲ್ಲಿ ದುಡೀತಾಳಂತೆ. ಸಿನಿಮಾದವರು ಅಡ್ವಾನ್ಸ್ ಕೊಟ್ಟಿದ್ದಾರಾ? ಅವರೇ ದುಡ್ಡು ಕೇಳಿದರೆ ಒಂದು ಪೈಸೆಯನ್ನೂ ಕೊಡಬೇಡಿ. ಶೂಟಿಂಗಿಗೆ ಚಿಕ್ಕಮ್ಮನನ್ನು ಜೊತೆಗೆ ಕಳಿಸು. ರಾತ್ರಿ ಶೂಟಿಂಗ್ ಆದರೆ ನನಗೆ ಫೋನ್ ಮಾಡಲಿ, ಎಷ್ಟು ಹೊತ್ತಾದರೂ ಪರವಾಗಿಲ್ಲ. ನನಗೇನೂ ಭಯ ಇಲ್ಲ, ಸುಮ್ನೆ ಹೇಳಿದೆ. ಎಲ್ಲಾ ಸರಿಹೋಗುತ್ತೆ.

ಬಟ್ಟೆ ಒಗೆಯೋ ಅಂಗಡಿಯಲ್ಲಿ ಕೂತು ಬರೀತಿದ್ದೇನೆ. ಮೆಷಿನ್ ನಿಂತಿತು, ಹಿಂದಿನವರು ಕಾಯ್ತಿದ್ದಾರೆ. ದುಡ್ಡು ಐದನೇ ತಾರೀಕು ಹಾಕ್ತೀನಿ. ಮಾತ್ರೆ ಮರೀಬೇಡ.

ನಿನ್ನ ಮಗ,
ರಘು